ನಕ್ಷತ್ರಕ್ಕೆ ಹೋದ ಅಮ್ಮ, ಬೇತಮಂಗಲಕ್ಕೆ ಹೋದ ಅಮ್ಮ

ನನ್ನ ಮೊಮ್ಮಗಳು ಸಿಂಚನ ದಿನಾ ಸಾಯಂಕಾಲ ನನಗೆ ಜಪಾನಿನ ಕಥೆ ಓದಿ ಹೇಳುತ್ತಾಳೆ. ಇದನ್ನು ಬರೆಯುವಾಗಲೂ ನನಗೆ ನಗು ತಡೆಯಲಾಗುತ್ತಿಲ್ಲ. ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದು, ಬಂಗಾರಪೇಟೆಯ ಈ ಹಿತ್ತಿಲಲ್ಲಿ ದಂಟಿನ ಸೊಪ್ಪು ಬಿಡಿಸಿಕೊಂಡು ಕೂತ ಮುದುಕಿಗೆ ಜಪಾನು ಎಲ್ಲಿ, ನಕ್ಷತ್ರ ಎಲ್ಲಿ. ಆದರೂ ನೋಡಿ, ನಮ್ಮ ಭಾಗ್ಯ. ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯಿಂದ ಇವಳು ಒಂದು ಚೀಲ ತುಂಬ ಕಾಮಿಕ್ಸ್ ಹೊತ್ತು ತಂದಿದ್ದಾಳೆ. ಎಲ್ಲ ಸೇರಿ ಒಂದೇ ಕಥೆ, ಸಾಲಾಗಿ ಎಷ್ಟೋ ಪುಸ್ತಕ. ನಾನು ಲಂಗ ಜಾಕೀಟು ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೆ ಅಲ್ಲಿ ಒಬ್ಬ ಹೆಂಗಸು ಇದನ್ನು ಬರೆದಳಂತೆ, ಹೆಣ್ಣುಮಕ್ಕಳು ಓದಲಿ ಅಂತಲೇ. ಇಂಗ್ಲಿಷಿಗೆ ಬಂದಿರುವುದನ್ನು ಸಿಂಚನ ನನಗಾಗಿ ಕನ್ನಡ ಮಾಡಿ ಹೇಳುತ್ತಾಳೆ. ನಾನು ಐದನೇ ಕ್ಲಾಸಿಗೆ ನಿಂತವಳು. ಕನ್ನಡ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಇಂಗ್ಲಿಷು ಬಸ್ಸಿನ ಬೋರ್ಡಿನಷ್ಟು ಮಾತ್ರ. ಹಾಗಾಗಿ ಅವಳು ಹೇಳುವಾಗ ನಾನು ಚಿತ್ರ ನೋಡುತ್ತೇನೆ. ಬಣ್ಣ ಇಲ್ಲ, ಬರೀ ಕಪ್ಪು ಬಿಳುಪು. ಹುಡುಗಿಯರ ಕಣ್ಣು ಅರ್ಧ ಮುಖಕ್ಕೆ ಬರುವಷ್ಟು ದೊಡ್ಡವು, ಆ ಕಣ್ಣೊಳಗೆ ಚುಕ್ಕಿಗಳು ಮಿನುಗುತ್ತವೆ. ಯಾರಿಗಾದರೂ ಸಂಕಟವಾದರೆ ಅವರ ಸುತ್ತ ಗಾಳಿಯಲ್ಲಿ ಹೂವು ತೇಲುತ್ತದೆ. ಕಥೆಯ ಹುಡುಗಿಯ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ. ನಾನು ಅವಳನ್ನು ದೊಡ್ಡಕಣ್ಣಿ ಅಂತ ಕರೆಯುತ್ತೇನೆ. ಈಗ ಸಿಂಚನಾಗೂ ಅದೇ ಹೆಸರು ರೂಢಿಯಾಗಿದೆ.

ದೊಡ್ಡಕಣ್ಣಿ ಇರುವುದು ಗಾಳಿಯಿಲ್ಲದ ಒಂದು ಲೋಕದಲ್ಲಿ. ಊರಿಗೇ ಗಾಜಿನ ಮುಚ್ಚಳ. ಹೊರಗೆ ಬರೀ ಬೂದಿಯ ದಿಬ್ಬ. ಮನೆಯಲ್ಲಿ ಅವಳು, ಅವಳ ಅಜ್ಜಿ. ಅಮ್ಮ ದೂರದ ನಕ್ಷತ್ರಗಳಿಗೆ ಹೋಗುವ ಹಡಗು ನಡೆಸುವವಳು. ಆ ಹಡಗು ಎಷ್ಟು ಜೋರಾಗಿ ಹೋಗುತ್ತದೆ ಎಂದರೆ ಅದರ ಒಳಗೆ ಕೂತವರಿಗೆ ಕಾಲವೇ ಮೆಲ್ಲಗಾಗುತ್ತದಂತೆ. ಅಮ್ಮನಿಗೆ ಒಂದು ತಿಂಗಳು ಕಳೆದರೆ ಮನೆಯಲ್ಲಿ ವರ್ಷಗಳು ಕಳೆದಿರುತ್ತವೆ. ಅಮ್ಮ ಹೋದ ಹಾಗೆಯೇ ಇದ್ದಾಳೆ, ಮಗಳು ಬೆಳೆಯುತ್ತಲೇ ಹೋಗುತ್ತಾಳೆ. ಇದು ಸುಳ್ಳಲ್ಲ ಅಜ್ಜಿ, ಸೈನ್ಸಲ್ಲಿ ನಿಜವಾಗಿಯೂ ಇದೆ ಎಂದು ಸಿಂಚನ ಆಣೆ ಇಟ್ಟಳು. ಇರಲಿ ಬಿಡು ಎಂದೆ. ನನಗೆ ಅನುಮಾನ ಬಂದದ್ದು ಬೇರೆ ಕಡೆ. ಒಂದು ಪುಸ್ತಕದ ಕೊನೆಯಲ್ಲಿ ಅಜ್ಜಿಯೂ ಮೊಮ್ಮಗಳೂ ಗಾಜಿನ ಕೆಳಗೆ ಕೂತು ಆಕಾಶ ನೋಡುತ್ತಾ ಇದ್ದಾರೆ, ಸುತ್ತ ಹೂವು ತೇಲುತ್ತಿದೆ, ಅಷ್ಟೇ. ನನಗೆ ತಡೆಯಲಾಗಲಿಲ್ಲ.

“ಕೂತ್ಕಂಡು ನೋಡ್ತಾ ಇದ್ರೆ ಬತ್ತಾಳೇನೇ? ಯಾರಾನ ಒಬ್ರು ಓಗಿ ಕರ್ಕಂಡು ಬರಬಾರ್ದಾ?”

“ಅಜ್ಜಿ, ಅದು ನಕ್ಷತ್ರ ಅಜ್ಜಿ. ಬಸ್ ಹತ್ತಿ ಹೋಗಿ ಬರೋಕೆ ಬೇತಮಂಗಲ ಅಲ್ಲ.”

ಹತ್ತಿರದ ಊರಿನ ಹೆಸರು ಬಾಯಿಗೆ ಬಂದಿತು, ಅಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಏನಾಯಿತಜ್ಜಿ ಎಂದು ಮುಖ ನೋಡಿದಳು. ನಾನು ಒಂದು ಸಲ ಬೇತಮಂಗಲಕ್ಕೆ ಹೋಗಿ ಕರೆದುಕೊಂಡು ಬಂದಿದ್ದೇನೆ ಕಣೇ ಅಂದೆ. ಯಾರನ್ನ ಅಂದಳು. ನಮ್ಮಮ್ಮನನ್ನ ಅಂದೆ. ಅವತ್ತು ಜಪಾನಿನ ಕಥೆ ಅಲ್ಲಿಗೆ ನಿಂತು ನಮ್ಮ ಕಥೆ ಶುರುವಾಯಿತು. ಇದನ್ನು ಬರೆದಿಡು ಅಜ್ಜಿ ಎಂದು ಅವಳೇ ಹಟ ಹಿಡಿದಳು. ಒಂದು ಮಗು ನನ್ನ ಮನೆಯ ಕಥೆ ಬೇಕು ಎಂದು ಕೇಳಿತಲ್ಲ, ಅದಕ್ಕಿಂತ ಇನ್ನೇನು ಬೇಕು ನನಗೆ.

ನಮ್ಮ ಮನೆ ಊರಿಗಾಮಿನ ಲೈನಿನಲ್ಲಿತ್ತು. ಚಿನ್ನದ ಗಣಿಯಲ್ಲಿ ದುಡಿಯುವವರಿಗೆ ಸಾಲುಸಾಲಾಗಿ ಕಟ್ಟಿದ ಮನೆಗಳು. ಮನೆ ಎಂದರೆ ಒಂದು ಕೋಣೆ, ಅದರ ಮುಂದೆ ಬಗ್ಗಿ ನುಗ್ಗುವಷ್ಟು ಒಂದು ಜಗಲಿ. ಬಿದಿರಿನ ತಟ್ಟಿಯ ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದರು, ಮೇಲೆ ತಗಡು. ಒಂದು ಮೂಲೆಯಲ್ಲಿ ಒಲೆ, ಎದುರು ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳು, ನಡುವೆ ತೊಟ್ಟಿಲು ಕಟ್ಟಿದ ಹಗ್ಗ. ಈ ಕಡೆ ಮನೆಯಲ್ಲಿ ಕೆಮ್ಮಿದರೆ ಆ ಕಡೆ ಮನೆಯವರು ಶುಂಠಿ ಕಷಾಯ ಕಳಿಸುತ್ತಿದ್ದರು. ತಟ್ಟಿಗೆ ಆಚೆ ಸೆಲ್ವಿ ಅಕ್ಕ. ಅವಳು ತಮಿಳಿನವಳು, ನಾವು ಕಾಮಸಮುದ್ರದ ಕಡೆಯಿಂದ ಬಂದ ಕನ್ನಡದವರು, ನಮ್ಮ ಅಪ್ಪನ ಅಮ್ಮನಿಗೆ ತೆಲುಗು ಬಾಯಿಗೆ ಮೊದಲು ಬರುತ್ತಿತ್ತು. ಅವಳನ್ನು ನಾವು ಅವ್ವ ಎನ್ನುತ್ತಿದ್ದೆವು. ಮೂರು ಭಾಷೆಯೂ ಆ ತಟ್ಟಿಯ ಮೂಲಕ ಹೋಗಿ ಬಂದು ಮಾಡುತ್ತಿದ್ದವು. ಜಗಳ ಯಾವ ಭಾಷೆಯಲ್ಲಿ ಶುರುವಾದರೂ ಮುಗಿಯುವುದು ಮಾತ್ರ ಸೆಲ್ವಿ ಅಕ್ಕನ ಕರುವಾಡು ಕೊಳಂಬಿನಲ್ಲಿ. ಒಣಮೀನಿನ ಆ ಸಾರು ಒಂದು ಬಟ್ಟಲು ಈಚೆಗೆ ಬಂದರೆ ಆ ದಿನದ ಮಾತು ಅಲ್ಲಿಗೆ ಮುಗಿಯಿತು ಅಂತ ಅರ್ಥ.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಅಪ್ಪ ಶಿಫ್ಟಿಗೆ ಹೋದ ಮೇಲೆ ಅವನು ಹಿಂದಿರುಗುವವರೆಗೂ ಬಾಗಿಲು ಹಾಕುವಂತಿಲ್ಲ. ಮಳೆ ಬರಲಿ, ಚಳಿ ಬರಲಿ, ಬೆಳಗಿನ ಶಿಫ್ಟಿರಲಿ, ರಾತ್ರಿ ಶಿಫ್ಟಿರಲಿ. ಅದು ಅವ್ವನ ಕಾನೂನು. ತಾತನೂ ಗಣಿಗೆ ಇಳಿಯುತ್ತಿದ್ದವನು, ಆಗಿನಿಂದ ಅವಳು ಹಾಗೆ ನಡೆಸಿಕೊಂಡು ಬಂದಿದ್ದಳು. ಭೂಮಿಯ ಹೊಟ್ಟೆಯೊಳಗೆ ಇಳಿದವನಿಗೆ ಮೇಲೆ ಒಂದು ಬಾಗಿಲಾದರೂ ತೆರೆದಿರಬೇಕಲ್ಲ ಎನ್ನುವಳು. ಬಾಗಿಲಿಗೆ ಒಂದು ಗೋಣಿಪರದೆ ಬಿಟ್ಟು, ಹೊಸ್ತಿಲ ಪಕ್ಕ ಎಲೆಅಡಿಕೆ ಕುಟ್ಟಿಕೊಂಡು ಕೂತರೆ ಅವಳೇ ನಮಗೆ ಚಿಲಕ, ಅವಳೇ ಬೀಗ. ಅಪ್ಪ ಕೇಜಿನಲ್ಲಿ, ಅಂದರೆ ಗಣಿಗೆ ಇಳಿಸುವ ಕಬ್ಬಿಣದ ಪಂಜರದಲ್ಲಿ, ಇಳಿಯುವುದು ಎಷ್ಟು ಆಳ ಎಂದು ನಾನು ಕೇಳಿದರೆ ಅವನು ಬರೀ ನಗುತ್ತಿದ್ದ. ಅಲ್ಲಿ ಬೇಸಿಗೆ ಚಳಿಗಾಲ ಅಂತ ಇಲ್ಲ ಕಣಮ್ಮ, ಹಗಲು ರಾತ್ರಿ ಇಲ್ಲ, ಒಂದೇ ಕಾಲ ಎನ್ನುತ್ತಿದ್ದ. ನನಗೆ ಆಗ ಅದು ವಿಚಿತ್ರ ಎನಿಸಲಿಲ್ಲ. ಎಲ್ಲರ ಅಪ್ಪಂದಿರೂ ಬೇರೆ ಒಂದು ಲೋಕಕ್ಕೆ ಹೋಗಿ ಸಂಗು ಕೂಗಿದ ಮೇಲೆ ವಾಪಸು ಬರುತ್ತಾರೆ ಅಂತಲೇ ತಿಳಿದಿದ್ದೆ. ಸಂಗು ಎಂದರೆ ಶಿಫ್ಟು ಬಿಟ್ಟಾಗ ಊದುವ ಕೂಗು.

ಅಮ್ಮನಿಗೆ ಈ ಬಾಗಿಲಿನ ಕಾನೂನು ಒಗ್ಗಲೇ ಇಲ್ಲ. ಅವಳು ಬೇತಮಂಗಲದವಳು. ಕೆರೆ, ಗದ್ದೆ, ಕಣ್ಣು ಹಾಯಿಸಿದಷ್ಟು ಹಸಿರು ನೋಡಿ ಬೆಳೆದವಳು. ಅಲ್ಲಿ ಹಗಲೆಲ್ಲ ಹೊಲದಲ್ಲಿದ್ದು ಸಂಜೆ ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಅದೇ ಸುಖ. ಇಲ್ಲಿ ಗಾಳಿ ಎದ್ದರೆ, ಚಿನ್ನ ತೆಗೆದು ಮಿಕ್ಕಿದ್ದನ್ನು ಸುರಿದ ಸಯನೈಡ್ ದಿಬ್ಬದ ಬಿಳಿ ಧೂಳು ತೆರೆದ ಬಾಗಿಲಿನಿಂದ ನುಗ್ಗಿ ಹಿಟ್ಟಿನ ಮೇಲೆ, ಹಾಸಿಗೆಯ ಮೇಲೆ, ತೊಟ್ಟಿಲಿನಲ್ಲಿ ಮಲಗಿದ್ದ ನನ್ನ ತಮ್ಮನ ರೆಪ್ಪೆಯ ಮೇಲೆ ಕೂರುತ್ತಿತ್ತು. ಅಮ್ಮ ದಿನಕ್ಕೆ ಎಷ್ಟು ಸಲ ಗುಡಿಸುತ್ತಿದ್ದಳೋ. ಜೊತೆಗೆ ನೆಲ ನಡುಗುವುದು ಬೇರೆ. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತಿದ್ದವು, ನಾವು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದೆವು. ಲೈನಿನಲ್ಲಿ ಹುಟ್ಟಿದ ನಮಗೆ ಅದು ಗುಡುಗಿದ ಹಾಗೆ. ಹೆಂಗಸರು ಹೊರಗೆ ಬಂದು ಗಣಿಯ ಕಡೆ ಒಂದು ಸಲ ನೋಡಿ, ಕೆಟ್ಟ ಸುದ್ದಿ ಇಲ್ಲ ಎಂದು ಗೊತ್ತಾಗುವವರೆಗೆ ನಿಂತು, ಮತ್ತೆ ಒಲೆಯ ಮುಂದೆ ಕೂರುತ್ತಿದ್ದರು. ಅಮ್ಮ ಮಾತ್ರ ಆಮೇಲೂ ಎಷ್ಟೋ ಹೊತ್ತು ಗೋಡೆ ಹಿಡಿದುಕೊಂಡೇ ಇರುತ್ತಿದ್ದಳು. ನಮ್ಮ ಊರಲ್ಲಿ ನೆಲ ನೆಲದ ಹಾಗೆ ಇರುತ್ತದೆ ಎಂದು ಅಪ್ಪನಿಗೆ ಹೇಳುವಳು. ಗಣಿ ಬಿಟ್ಟು ಬಂದು ಅಲ್ಲಿ ಬೇಸಾಯ ಮಾಡೋಣ ಎನ್ನುವಳು. ಅಪ್ಪ ಹೂಂ ಅನ್ನುತ್ತಲೂ ಇರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ. ಅವನು ಮುದ್ದೆ ನುಂಗುವುದರಲ್ಲಿ ಮಗ್ನ.

ಒಂದು ದಿನ ಮಧ್ಯಾಹ್ನ ನೆಲ ಅದುರಿ, ಅಟ್ಟಣೆಯ ಮೇಲಿದ್ದ ಹಿತ್ತಾಳೆ ಬಿಂದಿಗೆ ತೊಟ್ಟಿಲಿನ ಪಕ್ಕಕ್ಕೇ ಬಿತ್ತು. ಮಗುವಿಗೆ ಏನೂ ಆಗಲಿಲ್ಲ, ಎದ್ದು ಅತ್ತಿತು ಅಷ್ಟೆ. ಅಮ್ಮ ಅದನ್ನು ಎತ್ತಿಕೊಂಡು ಹೊರಗೆ ಓಡಿದಳು. ಎಲ್ಲ ತಣ್ಣಗಾಗಿ, ಮಗುವನ್ನು ಮತ್ತೆ ಮಲಗಿಸಿ, ಅವಳು ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಬೀದಿ ನಾಯಿಯೊಂದು ಗೋಣಿಪರದೆ ಸರಿಸಿಕೊಂಡು ಒಳಗೆ ಬಂದು ತೊಟ್ಟಿಲು ಮೂಸುತ್ತಿತ್ತು. ಅವ್ವ ಹೊಸ್ತಿಲ ಬಳಿ ತೂಕಡಿಸುತ್ತಿದ್ದಳು. ಅಮ್ಮ ಕೊಡ ಇಳಿಸಿ, ನಾಯಿ ಓಡಿಸಿ, ಬಾಗಿಲು ಹಾಕಿ ಚಿಲಕ ಇಟ್ಟಳು. ಅಪ್ಪ ಇನ್ನೂ ಕೆಳಗಿದ್ದ. ಅವ್ವ ಎದ್ದು ಚಿಲಕ ತೆಗೆದಳು. ಅಮ್ಮ ಮತ್ತೆ ಇಟ್ಟಳು.

“ಏಮ್ಮಾ, ನನ್ ಮಗ ಒಳಗಿಳ್ದಿರೋವಾಗ ಬಾಗ್ಲು ಆಕ್ತೀಯಾ?”

“ನಿಮ್ ಮಗ ಒಳಗವ್ನೆ. ನನ್ ಮಗ ಇಲ್ಲವ್ನೆ. ನಾಯಿ ಬಾಯಿಗೆ ಆಕ್ಲಾ?”

“ನಾಯಿ ಏನ್ ಮಾಡ್ತು? ನೋಡ್ಕಂಡು ಓಗಾಕೆ ಬಂತು. ನಿಮ್ಮೂರಲ್ಲಿ ನಾಯಿನೇ ಇಲ್ವಾ?”

“ಐತೆ. ನಮ್ಮೂರಲ್ಲಿ ಬಾಗ್ಲೂ ಐತೆ.”

ಆಮೇಲೆ ಇಬ್ಬರೂ ಆಡಿದ ಮಾತು ಬರೆಯುವಂಥದ್ದಲ್ಲ. ಆ ದಿನ ಸೆಲ್ವಿ ಅಕ್ಕನ ಕೊಳಂಬಿನ ಬಟ್ಟಲು ಬಂತು, ಹಾಗೇ ಹಿಂದಕ್ಕೆ ಹೋಯಿತು. ಮಾರನೇ ದಿನ ಬೆಳಿಗ್ಗೆ ಅಮ್ಮ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು, ಒಂದು ಬಟ್ಟೆಗಂಟು ಹಿಡಿದು ಬಸ್ಸಿಗೆ ಹೊರಟಳು. ನಾನೂ ಬರುತ್ತೇನೆ ಎಂದು ಸೆರಗು ಹಿಡಿದೆ. ನಿಂಗೆ ಸ್ಕೂಲು ಐತೆ ರತ್ನಿ, ನಿಮ್ಮಪ್ಪಂಗೆ ಬುತ್ತಿ ಕಟ್ಟೋರು ಯಾರು, ನಾನು ನಾಕು ದಿನ ಇದ್ದು ಬತ್ತೀನಿ ಎಂದು ಬೆರಳು ಬಿಡಿಸಿಕೊಂಡಳು. ಅಪ್ಪ ಜಗಲಿಯಲ್ಲಿ ನಿಂತಿದ್ದ. ಹೋಗಬೇಡ ಅನ್ನಲಿಲ್ಲ. ಬೇಗ ಬಾ ಅನ್ನಲಿಲ್ಲ. ಅವ್ವ ಬಾಗಿಲಿನಿಂದ ಸ್ವಲ್ಪ ಸರಿದು ಕೂತು ದಾರಿ ಬಿಟ್ಟಳು.

ಹುಣಸೆಹಣ್ಣು ಬಡಿಯುವ ಕಾಲಕ್ಕೆ ಹೋದವಳು ಮಳೆ ಹಿಡಿದರೂ ಬರಲಿಲ್ಲ. ಆ ತಿಂಗಳುಗಳಲ್ಲೇ ನಾನು ನಾನಾದದ್ದು. ಮೊದಲ ವಾರ ಸ್ಕೂಲಿಗೂ ಹೋದೆ, ಒಲೆಯೂ ಹಚ್ಚಿದೆ. ಆಮೇಲೆ ಬೆಳಗಿನ ಶಿಫ್ಟಿನ ಬುತ್ತಿಗೂ ಸ್ಕೂಲಿನ ಗಂಟೆಗೂ ಹೊಂದಲಿಲ್ಲ, ಸ್ಕೂಲು ತಾನಾಗಿ ಬಿಟ್ಟುಹೋಯಿತು. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಮುದ್ದೆ ತಿರುವುವುದನ್ನು ಅವ್ವ ಕಲಿಸಿದಳು. ಅವಳಿಗೆ ಮೊಣಕೈ ನೋವು, ಕೂತಲ್ಲಿಂದಲೇ ಬಾಯಲ್ಲಿ ತಿರುವಿಸುತ್ತಿದ್ದಳು. ಮೊದಲ ಮುದ್ದೆಯೊಳಗೆ ಗಂಟು ಗಂಟು ಹಸಿಹಿಟ್ಟು. ಅಪ್ಪ ಅದನ್ನು ಒಂದು ಮಾತೂ ಆಡದೆ ನುಂಗಿ, ಸಾರು ಬಲೇ ಚೆನ್ನಾಗಿದೆ ಎಂದ. ಸಾರು ಸೆಲ್ವಿ ಅಕ್ಕನದು. ಅವಳು ತಟ್ಟಿಯ ಆಚೆಯಿಂದಲೇ ನನಗೆ ಮೇಷ್ಟ್ರು, ಮುದ್ದಿಗೆ ನನ್ನನ್ನು ಕಣ್ಣೂ ಎನ್ನುವಳು. ಕಣ್ಣೂ, ವಗ್ಗರಣೆ ಸದ್ದು ಬಂದಿಲ್ಲ, ಎಣ್ಣೆ ಕಾದಿಲ್ಲ ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಬಾಗಿಲಂತೂ ತೆರೆದೇ ಇತ್ತು. ಧೂಳು ನುಗ್ಗಿದಾಗೆಲ್ಲ ನಾನು ಅಮ್ಮನ ಹಾಗೇ ಸಿಡುಕುತ್ತಾ ಗುಡಿಸುತ್ತಿದ್ದೆ, ಅವ್ವ ಕೂತಲ್ಲಿಂದ ನನ್ನ ಬೆನ್ನು ನೋಡುತ್ತಿದ್ದಳು. ಒಳ್ಳೇದೇ ಆಯಿತು ನನಗೆ. ಬಾಗಿಲು ತೆರೆದಿಟ್ಟು ಬದುಕುವುದನ್ನೂ ಕಲಿತೆ, ಬಂದ ಧೂಳು ಗುಡಿಸುವುದನ್ನೂ ಕಲಿತೆ. ಇವತ್ತಿಗೂ ನಮ್ಮ ಮನೆಗೆ ಯಾರು ಬಂದರೂ ಮೊದಲು ಚೆಂಬು ನೀರು, ಆಮೇಲೆ ಯಾರಪ್ಪಾ ನೀನು ಎಂಬ ಮಾತು. ಸೊಸೆ ಬೈಯುತ್ತಾಳೆ. ಬೈಯಲಿ ಪಾಪ.

ಸಾಲಿನ ಕೊನೆಯಲ್ಲಿದ್ದ ನಲ್ಲಿಗೆ ಬರುತ್ತಿದ್ದ ನೀರು ಬೇತಮಂಗಲದ ಕೆರೆಯದು. ಊರಿಗೆಲ್ಲ ಅಲ್ಲಿಂದಲೇ ನೀರು. ಇದು ಗೊತ್ತಾದ ದಿನ ನನಗೆ ಒಂದು ಹುಚ್ಚು ಹಿಡಿಯಿತು. ಅಮ್ಮ ಬೆಳಿಗ್ಗೆ ಆ ಕೆರೆಯಲ್ಲಿ ಬಟ್ಟೆ ಒಗೆದಿರುತ್ತಾಳೆ, ಆ ನೀರೇ ಕೊಳವೆಯಲ್ಲಿ ಹರಿದು ನನ್ನ ಕೊಡಕ್ಕೆ ಬೀಳುತ್ತಿದೆ ಎಂದುಕೊಂಡೆ. ನಲ್ಲಿಯ ಬಾಯಿಗೆ ಮುಖ ಹತ್ತಿರ ಮಾಡಿ, ಅಮ್ಮಾ, ಯಾವಾಗ ಬತ್ತೀಯ ಎಂದೆ. ಸಾಲಿನಲ್ಲಿ ನಿಂತಿದ್ದ ಹೆಂಗಸರು ನಗಲಿಕ್ಕೆ ಹತ್ತಿದರು. ಸೆಲ್ವಿ ಅಕ್ಕ ಮಾತ್ರ ನಗದೆ ನನ್ನ ಕೊಡ ತನ್ನ ಸೊಂಟಕ್ಕೆ ಇಟ್ಟುಕೊಂಡಳು.

“ನೀರು ಅಲ್ಲಿಂದ ಇಲ್ಲಿಗ್ ವರುದು ಕಣ್ಣೂ. ಇಲ್ಲಿಂದ ಅಲ್ಲಿಗೆ ಮಾತು ಓಗಲ್ಲ. ಮಾತಿಗೆ ಆಳು ಬೇಕು.”

ಆಳು ಎಂದರೆ ಅಪ್ಪ. ನಾನು ಅವನನ್ನು ಹಿಡಿದುಕೊಂಡೆ. ಅವನು ಬೀಡಿ ಹಚ್ಚಿ, ಆರಿಸಿ, ಮತ್ತೆ ಹಚ್ಚಿ, ಅವ್ವನನ್ನು ಕೇಳು ಎಂದ. ಅವ್ವನನ್ನು ಕೇಳಿದರೆ ಅವಳದು ಒಂದೇ ಮಾತು.

“ಓಡ್ಸಿದ್ಯಾರು ಅವ್ಳ್ನ? ಬಾಗ್ಲು ತೆಗ್ದೇ ಐತಲ್ಲ. ರಾ ಅಂತ ಬಾಗ್ಲೇ ಕರೀತಾ ಐತೆ. ಇನ್ನೇನು ತಮ್ಟೆ ಒಡೀಬೇಕಾ?”

ಬೇತಮಂಗಲದಿಂದ ತರಕಾರಿ ಬುಟ್ಟಿ ಹೊತ್ತು ನಮ್ಮ ಲೈನಿಗೆ ಬರುತ್ತಿದ್ದ ಒಬ್ಬ ಹೆಂಗಸು ಇದ್ದಳು. ಅಮ್ಮನ ತವರಿನ ಬೀದಿಯವಳು. ಬದನೆಕಾಯಿ ಆರಿಸುವ ನೆಪದಲ್ಲಿ ನಾನು ಅವಳಿಂದ ಸುದ್ದಿ ಆರಿಸುತ್ತಿದ್ದೆ. ತಮ್ಮ ನಡೆಯುತ್ತಾನೆ, ಹಲ್ಲು ಬಂದಿದೆ, ಅಮ್ಮ ಚೆನ್ನಾಗಿದ್ದಾಳೆ. ಒಂದು ದಿನ ಅವಳು ಬುಟ್ಟಿ ಇಳಿಸಿದವಳೇ, ಏನಮ್ಮಾ, ನಿಮ್ಮನೇಲಿ ಗಂಡಸರೇ ಇಲ್ಲವೇ ಎಂದಳು.

“ಸೊಸೆನ ಕರ್ಯಾಕೆ ಒಬ್ರೂ ಬರ್ಲಿಲ್ಲ ಅಂತ ನಮ್ಮೂರಲ್ಲಿ ನಿಮ್ಮಜ್ಜಿ ದಿನಾ ರೋಡ್ ನೋಡ್ತದೆ. ಎಲೆ ಅಡಿಕೆ ಇಕ್ಕಿ, ಬಾಮ್ಮ ಅಂತ ಒಂದ್ಮಾತು ಅನ್ನೋರಿಲ್ದೆ ಎಂಗೆ ಬತ್ತಾಳೆ ಅವ್ಳು? ಬ್ಯಾಡ ಅಂದಂಗೇ ಅಲ್ವಾ? ಅದ್ಕೇ ನಿಮ್ಮಾವ ಇತ್ಲಲ್ಲಿ ಅವ್ಳಿಗೊಂದು ಕೋಣೆ ಎತ್ತುಸ್ತಾವ್ನೆ. ಗೋಡೆ ಎದ್ದೈತೆ. ಸೂರು ಆಕೋದೊಂದು ಬಾಕಿ.”

ಬದನೆಕಾಯಿ ಕೈಯಲ್ಲಿ ಹಿಡಿದು ನಾನು ಹಾಗೇ ನಿಂತೆ. ಇಲ್ಲಿ ಅವ್ವ, ಬಾಗಿಲು ತೆರೆದಿಟ್ಟಿದ್ದೇನಲ್ಲ, ಅದೇ ಕರೆದ ಹಾಗೆ ಎಂದು ಕೂತಿದ್ದಾಳೆ. ಅಲ್ಲಿ ಅಮ್ಮ, ಎಲೆಅಡಿಕೆ ಹಿಡಿದು ಯಾರೂ ಬರಲಿಲ್ಲ, ಬೇಡವಾದೆ ಎಂದು ಕೂತಿದ್ದಾಳೆ. ಲೈನಿನ ಕರೆ ಒಂದು ರೀತಿ, ಕೆರೆಯೂರಿನ ಕರೆ ಒಂದು ರೀತಿ. ಕರೆದೆ ಎನ್ನುವವಳೂ ಸುಳ್ಳು ಹೇಳುತ್ತಿಲ್ಲ, ಕರೆಯಲಿಲ್ಲ ಎನ್ನುವವಳೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ನಡುವೆ ಆ ಕೋಣೆಗೆ ಸೂರು ಬಿದ್ದುಬಿಟ್ಟರೆ ಅಮ್ಮ ಅಲ್ಲಿಯವಳೇ ಆಗುತ್ತಾಳೆ. ಇದನ್ನು ಅಪ್ಪನಿಗೆ ಹೇಳಿದೆ. ಈ ವಾರ ಶಿಫ್ಟು ಬಿಡಲಾಗುವುದಿಲ್ಲ ಎಂದು ಅತ್ತ ತಿರುಗಿ ಮಲಗಿದ. ನಮ್ಮಪ್ಪ ಕತ್ತಲಲ್ಲಿ ಬಂಡೆ ಒಡೆಯುವುದಕ್ಕೆ ಅಂಜದವನು, ಮಾವನ ಮನೆಯ ಅಂಗಳಕ್ಕೆ ಕಾಲಿಡಲು ಅಂಜಿದ. ಪಾಪ, ಒಳ್ಳೆಯವನು. ಸಿಂಚನಾಗೆ ಇದನ್ನು ಹೇಳುವಾಗ ಅವಳು, ನಿಮ್ಮಪ್ಪನ ಸುತ್ತ ಹೂವು ಬರೆಯಬೇಕು ಅಜ್ಜಿ ಎಂದಳು. ಬರಿ ಮಗಳೇ ಎಂದೆ.

ತಟ್ಟಿಯ ಈಚೆಯಿಂದ ಸೆಲ್ವಿ ಅಕ್ಕನನ್ನು ಕೇಳಿದೆ. ನನಗೆ ಬಸ್ಸಿನಲ್ಲಿ ಒಬ್ಬಳೇ ಹೋಗಲು ಗೊತ್ತಿಲ್ಲ, ನೀನು ಬರುತ್ತೀಯಾ ಎಂದು. ನಾನು ತಮಿಳವಳು, ನಿಮ್ಮ ಮನೆ ಸಂಬಂಧಕ್ಕೆ ನಾನು ಬಂದರೆ ನಿಮ್ಮ ಅಜ್ಜಿ ಊರವರು ನಗುವುದಿಲ್ಲವೇ ಎಂದಳು. ನಕ್ಕರೆ ನಗಲಿ ಎಂದೆ. ಮಾರನೇ ಬೆಳಿಗ್ಗೆ ಅವಳು ತನ್ನ ಮದುವೆಯ ಕೆಂಪು ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಬಂದಳು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ವೀಳ್ಯದೆಲೆ, ಬಾಳೆಹಣ್ಣು, ಒಂದು ಮೊಳ ಹೂವು. ಅಡಿಕೆ ಮರೆತಿದ್ದಳು. ನಾವು ಹೊಸ್ತಿಲು ದಾಟುವಾಗ ಅವ್ವ ತಟ್ಟೆ ನೋಡಿದಳು, ನನ್ನ ಎಣ್ಣೆ ಹಚ್ಚಿ ಬಾಚಿದ ತಲೆ ನೋಡಿದಳು, ಸೆಲ್ವಿ ಅಕ್ಕನ ಸೀರೆ ನೋಡಿದಳು. ಅವ್ವ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಸೊಂಟದ ಸಂಚಿ ಬಿಚ್ಚಿ, ಒಂದು ಹಿಡಿ ಅಡಿಕೆ ತೆಗೆದು ತಟ್ಟೆಗೆ ಸುರಿದಳು.

“ನಾನು ಕಳ್ಸಿಲ್ಲ. ಕೇಳಿದ್ರೆ ಸಂಚಿ ತೂತಾಗಿ ಬಿತ್ತು ಅಂತೀನಿ. ಬಿಸ್ಲಾಗೋಕೆ ಮುಂಚೆ ಓಗ್ರಿ.”

ಆ ಅಡಿಕೆಯನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅವ್ವ ತನ್ನ ಬಾಯಿಗಲ್ಲದೆ ಅಡಿಕೆಯನ್ನು ಎಂದೂ ಯಾರಿಗೂ ಕೊಟ್ಟವಳಲ್ಲ.

ಬಸ್ಸಿನಲ್ಲಿ ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದಿದ್ದೆ. ದಾರಿಯುದ್ದಕ್ಕೂ ಸೆಲ್ವಿ ಅಕ್ಕ ನನಗೆ ಪಾಠ ಹೇಳಿಕೊಟ್ಟಳು. ಅಳಬಾರದು. ಅಮ್ಮನನ್ನು ನೋಡಿದ ಕೂಡಲೇ ಓಡಿ ಹೋಗಿ ತಬ್ಬಿಕೊಳ್ಳಬಾರದು. ನೀನು ಮಗಳಾಗಿ ಹೋಗುತ್ತಿಲ್ಲ, ಗಂಡನ ಮನೆಯ ದೊಡ್ಡವಳಾಗಿ ಹೋಗುತ್ತಿದ್ದೀಯ. ಮೊದಲು ಚಾಪೆಯ ಮೇಲೆ ಕೂರಬೇಕು, ನೀರು ಕೊಟ್ಟರೆ ಕುಡಿಯಬೇಕು, ಮಳೆ ಬೆಳೆ ವಿಚಾರಿಸಬೇಕು, ಆಮೇಲೆ ತಟ್ಟೆ ಮುಂದಿಡಬೇಕು. ನಾನು ಮಳೆ ಬೆಳೆ, ಮಳೆ ಬೆಳೆ ಎಂದು ಬಾಯಿಪಾಠ ಮಾಡುತ್ತಾ ಹೋದೆ. ಕೆರೆ ಕಂಡಿತು. ಅಷ್ಟು ನೀರನ್ನು ಒಟ್ಟಿಗೆ ನೋಡಿ ನನಗೆ ನಮ್ಮ ನಲ್ಲಿಯ ನೆನಪಾಗಿ ನಗು ಬಂತು.

ಅಜ್ಜಿಯ ಮನೆಯ ಹಿತ್ತಿಲಿನಲ್ಲಿ ಗೋಡೆ ನಿಜವಾಗಿಯೂ ಎದ್ದಿತ್ತು. ಅದರ ಮುಂದೆ ಮಣ್ಣಿನ ಗುಂಡಿಯಲ್ಲಿ ಅಮ್ಮ ಮೊಣಕಾಲವರೆಗೂ ನಿಂತು, ಸೀರೆ ಎತ್ತಿಕಟ್ಟಿ, ಗೋಡೆಯ ಮಣ್ಣು ತುಳಿಯುತ್ತಿದ್ದಳು. ತನ್ನ ಕೋಣೆಯ ಗೋಡೆಗೆ ತಾನೇ ಮಣ್ಣು ತುಳಿಯುತ್ತಿದ್ದಾಳೆ. ನಮ್ಮನ್ನು ನೋಡಿ ಕಾಲು ನಿಂತಿತು. ನಾನು ಓಡಲಿಲ್ಲ. ಚಾಪೆ ಹಾಕಿದರು, ಕೂತೆ. ನೀರು ಕೊಟ್ಟರು, ಕುಡಿದೆ. ಅಮ್ಮನ ಅಮ್ಮ, ಬೇತಮಂಗಲದ ಅಜ್ಜಿ, ನಮ್ಮ ಎದುರಿಗೆ ಬಂದು ಕೂತಳು. ಮುಖ ಬಿಗಿದುಕೊಂಡಿದ್ದಳು.

“ಈ ಕಡೆ ಮಳೆ ಬೆಳೆ ಎಂಗೈತೆ?” ಎಂದೆ.

“ಐತೆ,” ಎಂದಳು ಅಜ್ಜಿ. “ನಿಮ್ ಜೊತೇಲಿ ದೊಡ್ಡೋರು ಯಾರು ಬಂದವ್ರೆ? ಅವ್ರು ಮಾತಾಡ್ಲಿ.”

ಸೆಲ್ವಿ ಅಕ್ಕ ಕೂತಲ್ಲಿಂದಲೇ ನನ್ನ ಕಡೆ ಕೈ ತೋರಿಸಿದಳು.

“ಇವ್ಳ್ ದಾನ್ ಪೆರಿಯವ. ಇವಳೇ ದೊಡ್ಡೋಳು, ಅಮ್ಮಾ. ಆ ಮನೇಲಿ ಈಗ ಒಲೆ ಇವಳ್ದೇ. ನಾನು ಬಸ್ಸಿಗೆ ಜೊತೆ ಅಷ್ಟೆ.”

ನಾನು ತಟ್ಟೆಯನ್ನು ಮುಂದೆ ಸರಿಸಿದೆ. ಕಲಿತದ್ದೆಲ್ಲ ಮರೆತುಹೋಯಿತು. ನಮ್ಮ ಮನೆಗೆ ನಿಮ್ಮ ಮಗಳನ್ನ ಕಳಿಸಿಕೊಡಿ, ಕರೆಯೋಕೆ ಬಂದಿದೀವಿ, ತಡ ಆಗಿದ್ದು ನಮ್ಮದೇ ತಪ್ಪು ಎಂದು ಹೇಳಬೇಕಾಗಿತ್ತು. ಅದಷ್ಟನ್ನೂ ಬಿಟ್ಟು ಒಂದೇ ಮಾತು ಬಂತು.

“ಅಮ್ಮಾ, ಅವ್ವ ತನ್ ಅಡಿಕೆ ಕೊಟ್ಟವ್ಳೆ.”

ಮಣ್ಣಿನ ಗುಂಡಿಯಿಂದ ಅಮ್ಮ ಮೇಲೆ ಬಂದಳು. ಕಾಲು ತೊಳೆಯಲಿಲ್ಲ. ತಟ್ಟೆಯ ಮುಂದೆ ಕೂತು ಅಡಿಕೆಯನ್ನು ಬೆರಳಲ್ಲಿ ತಿರುವಿ ನೋಡಿದಳು. ಕತ್ತರಿಸಿದ ಹದ ನೋಡಿಯೇ ಅವಳಿಗೆ ಗೊತ್ತಾಗಿರಬೇಕು. ಇನ್ನು ಹೊರಡೋಣ ಅನ್ನುವ ಹಾಗೆ ಕುಂಕುಮ ತೆಗೆದು ತಾನೇ ಇಟ್ಟುಕೊಂಡಳು. ಬೇತಮಂಗಲದ ಅಜ್ಜಿಗೆ ಆಗ ನಗು ತಡೆಯಲಾಗಲಿಲ್ಲ. ಅಯ್ಯೋ, ಇಷ್ಟುದ್ದ ಬೀಗಿತ್ತಿ ಬಂದವ್ಳೆ ಕಣ್ರೇ, ಊಟ ಇಕ್ರೇ ಅವ್ಳಿಗೆ ಎಂದು ನನ್ನನ್ನು ಮಡಿಲಿಗೆ ಎಳೆದುಕೊಂಡಳು. ಅಲ್ಲಿಯವರೆಗೆ ತಡೆದಿದ್ದ ಅಳು ಅಲ್ಲಿ ಬಂತು. ತಮ್ಮ ನನ್ನನ್ನು ಗುರುತು ಹಿಡಿಯದೆ ಕಂಬದ ಹಿಂದೆ ನಿಂತು ಇಣುಕುತ್ತಿದ್ದ.

ಮೊನ್ನೆ ಸಿಂಚನ ಓದಿದ ಪುಸ್ತಕದಲ್ಲಿ ದೊಡ್ಡಕಣ್ಣಿಯ ಅಮ್ಮ ನಕ್ಷತ್ರದಿಂದ ವಾಪಸು ಬರುತ್ತಾಳೆ. ಮಗಳ ತಲೆ ಆಗಲೇ ನರೆತಿದೆ, ಅಮ್ಮ ಇನ್ನೂ ಹರೆಯದವಳು. ಇಬ್ಬರೂ ಎದುರೆದುರು ನಿಂತ ಒಂದು ಪುಟ, ಒಂದಕ್ಷರವೂ ಇಲ್ಲ. ಇದರಲ್ಲಿ ಯಾರು ಅಮ್ಮ, ಯಾರು ಮಗಳು ಅಂತಾನೇ ಗೊತ್ತಾಗಲ್ಲ ಅಲ್ವಾ ಅಜ್ಜಿ ಎಂದಳು ಸಿಂಚನ. ನನಗೆ ಗೊತ್ತಾಯಿತು. ಆ ತಾಯಿ ಯಾರೋ, ಎಲ್ಲೋ ಜಪಾನಿನಲ್ಲಿ ಕೂತು ಆ ಪುಟ ಬರೆದಳಲ್ಲ, ಅವಳ ಕೈಗೆ ಒಂದು ನಮಸ್ಕಾರ ಎಂದುಕೊಂಡೆ. ಇಷ್ಟು ವಯಸ್ಸಿಗೆ ನಮ್ಮ ಊರಿಗಾಮಿನ ಮನೆಯನ್ನು ನನಗೆ ತಿರುಗಿ ತೋರಿಸಿದಳು.

ಯಾಕೆಂದರೆ ಆ ದಿನ ಸಂಜೆ ನಾವು ಬಸ್ಸಿಳಿದು ಲೈನಿಗೆ ಬಂದಾಗ ಅಪ್ಪ ಇನ್ನೂ ಶಿಫ್ಟಿನಲ್ಲಿದ್ದ, ಬಾಗಿಲು ತೆರೆದಿತ್ತು. ಅವ್ವ ಹೊಸ್ತಿಲಿನ ಪಕ್ಕದಿಂದ ತಲೆ ಎತ್ತಿ ಅಮ್ಮನನ್ನು ನೋಡಿ, ಮಗು ಇಳಿಸಮ್ಮ, ಸೊಂಟ ನೋಯ್ತದೆ ಎಂದಳು. ಅಷ್ಟೇ ಮಾತು. ತಮ್ಮನನ್ನು ತನ್ನ ತೊಡೆಗೆ ಎಳೆದುಕೊಂಡಳು. ಅಮ್ಮ ಒಳಗೆ ಹೋಗಿ ಸೀದಾ ಒಲೆಯ ಮುಂದೆ ನಿಂತಳು. ಸೌದೆ ಮುಂದಕ್ಕೆ ಸರಿಸಿ, ಕಾಳಿನ ಮಡಕೆಯ ಮುಚ್ಚಳ ತೆಗೆದು ನೋಡಿ, ಅಭ್ಯಾಸಬಲದಿಂದ ಕೈಯನ್ನು ಮೇಲೆ ಅಟ್ಟಣೆಗೆ ಚಾಚಿದಳು. ಕೈ ಬರೀ ಹಲಗೆಯ ಮೇಲೆ ಓಡಾಡಿತು. ಅಲ್ಲಿ ಏನೂ ಇರಲಿಲ್ಲ. ನನಗೆ ಅಟ್ಟಣೆ ಎಟುಕುತ್ತಿರಲಿಲ್ಲ, ಅವಳು ಹೋದ ಮೇಲೆ ಜಾಡಿ, ಡಬ್ಬಿ, ಎಲ್ಲವನ್ನೂ ಒಂದೊಂದಾಗಿ ನನ್ನ ಎತ್ತರಕ್ಕೆ ಇಳಿಸಿಕೊಂಡಿದ್ದೆ. ಅಮ್ಮ ಕೈ ಇಳಿಸಿ, ತಾನು ಕಟ್ಟಿ ಬೆಳೆಸಿದ ಆ ಅಡಿಗೆ ಮೂಲೆಯನ್ನು ಹೊಸ ಮನೆಗೆ ಬಂದ ಸೊಸೆಯ ಹಾಗೆ ಸುತ್ತ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ರತ್ನಿ ಎಂದು ಕರೆಯುತ್ತಿದ್ದವಳು ಅವತ್ತು ಹಾಗೆ ಕರೆಯಲಿಲ್ಲ.

“ರತ್ನಮ್ಮಾ, ಉಪ್ಪು ಎಲ್ಲಿ ಇಕ್ಕಿದೀಯಮ್ಮ?”

ರುಬ್ಬುವ ಕಲ್ಲಿನ ಹಿಂದೆ, ನೆಲದ ಹತ್ತಿರ ಇಟ್ಟಿದ್ದ ಜಾಡಿಯನ್ನು ತೋರಿಸಿದೆ. ಅಮ್ಮ ಬಗ್ಗಿ ಒಂದು ಚಿಟಿಕೆ ಉಪ್ಪು ತೆಗೆದುಕೊಂಡು ಜಾಡಿಯನ್ನು ಅಲ್ಲೇ ಇಟ್ಟಳು. ಮೇಲಕ್ಕೆ ಎತ್ತಿಡುತ್ತಾಳೆ ಎಂದು ನಾನು ಆ ದಿನ ಕಾದೆ, ಮಾರನೇ ದಿನವೂ ಕಾದೆ. ನಾನು ಬೆಳೆದು ಅಟ್ಟಣೆ ಎಟುಕುವಷ್ಟಾದೆ, ಮದುವೆಯಾಗಿ ಬಂಗಾರಪೇಟೆಗೆ ಬಂದೆ, ಮಕ್ಕಳನ್ನು ಎತ್ತಿಕೊಂಡು ತವರಿಗೆ ಹೋಗಿ ಬಂದೆ. ಆ ಮನೆಯಲ್ಲಿ ಇದ್ದಷ್ಟು ಕಾಲವೂ ಅಮ್ಮ ಉಪ್ಪಿಗೆ ಬಗ್ಗಿದಳು.